ನಾಲ್ಕು ಸಲ ಮಾರಾಟವಾದ ಹೊದಿಕೆ

ಬಿಸ್ಕತ್ತಿನ ಪ್ಯಾಕೆಟ್ಟುಗಳ ಹಿಂಬದಿಯಲ್ಲಿ ಅಚ್ಚಾಗಿದ್ದ ದಿನಾಂಕವನ್ನು ಯಾರೋ ಅಳಿಸಿದ್ದರು. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿರಬೇಕು. ಮೂಗಿನ ಹತ್ತಿರ ಹಿಡಿದರೆ ಆ ವಾಸನೆ ಇನ್ನೂ ಇತ್ತು. ಇಪ್ಪತ್ತನಾಲ್ಕು ಪ್ಯಾಕೆಟ್ಟುಗಳಲ್ಲಿ ಇಪ್ಪತ್ತಮೂರನ್ನು ಅಚ್ಚುಕಟ್ಟಾಗಿ ಅಳಿಸಿ ಒಂದನ್ನು ಮರೆತಿದ್ದರು. ಆ ಒಂದರ ಪ್ರಕಾರ ಬಿಸ್ಕತ್ತಿನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಕೊಟ್ಟ ಕುಟುಂಬ ಮಗುವಿನ ಹುಟ್ಟುಹಬ್ಬಕ್ಕೆಂದು ಆಶ್ರಯಮನೆಗೆ ಬಂದು, ಅಲ್ಲಿನ ಹೆಂಗಸರಿಂದ ಚಪ್ಪಾಳೆ ತಟ್ಟಿಸಿ ಹಾಡು ಹೇಳಿಸಿ, ಪೆಟ್ಟಿಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗಿತ್ತು.

ಪೆಟ್ಟಿಗೆಯನ್ನು ಅವರ ಮನೆಗೇ ವಾಪಸ್ ಕಳಿಸೋಣ ಎಂದೆ. ಟೀಚರ್ ಬೇಡ ಎಂದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಅವರೇ ನಮ್ಮ ಆಶ್ರಯಮನೆಯನ್ನು ನೋಡಿಕೊಳ್ಳುತ್ತಿದ್ದರು.

"ವಾಪಸ್ ಕಳಿಸಿದ್ರೆ ಮುಂದಿನ ತಿಂಗಳು ಅವರಿಂದ ಅಕ್ಕೀನೂ ಬರಲ್ಲ. ಬೀದಿ ನಾಯಿಗೆ ಹಾಕಮ್ಮ," ಎಂದರು.

ನಾಯಿಗೆ ಹಾಕಿದೆ. ಎರಡು ತಿಂದು ಮೂರನೆಯದನ್ನು ಮೂಸಿ ಅದು ಹೊರಟುಹೋಯಿತು.

ಹೆಬ್ಬಾಳದಿಂದ ಆರ್.ಟಿ. ನಗರದ ಕಡೆಗೆ ಬರುವ ಒಂದು ಒಳರಸ್ತೆಯಲ್ಲಿ, ಎರಡು ಮಹಡಿಯ ಬಾಡಿಗೆ ಮನೆ ಅದು. ಮನೆಯಿಲ್ಲದ ಹೆಂಗಸರಿಗಾಗಿ ನಮ್ಮ ಚರ್ಚಿನ ಸಭೆಯವರು ನಡೆಸುತ್ತಿದ್ದರು. ಹತ್ತೊಂಬತ್ತು ಮಂಚ, ಎರಡು ಬಚ್ಚಲು, ಒಂದು ಅಡುಗೆಮನೆ. ಪ್ರಾರ್ಥನೆಗೆ ಕೂರಲೇಬೇಕೆಂಬ ನಿಯಮವಿರಲಿಲ್ಲ. ಹಾಲ್‌ನ ಗೋಡೆಯ ಮೇಲೆ ಯೇಸುವಿನ ಚಿತ್ರವಿತ್ತು, ಟ್ರಂಕುಗಳ ಮುಚ್ಚಳದ ಒಳಗೆ ಅವರವರ ದೇವರುಗಳಿದ್ದರು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮನೆಯಿಂದಲೇ ಪಠ್ಯಪುಸ್ತಕ ತಿದ್ದುವ ಕೆಲಸ ಮಾಡಿಕೊಂಡಿದ್ದೆ. ವಾರಕ್ಕೆ ಎರಡು ದಿನ ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ಬಂದು, ಆಶ್ರಯಮನೆಯಿಂದ ದಾನಿಗಳಿಗೆ ಹೋಗುವ ಪತ್ರಗಳನ್ನು ಬರೆದುಕೊಡುತ್ತಿದ್ದೆ. ಜನರೊಡನೆ ಮಾತಾಡಬೇಕಿಲ್ಲದ ಸೇವೆ ಎಂಬುದೇ ನನಗೆ ಅದರಲ್ಲಿ ಹಿಡಿಸಿದ್ದು.

ಆ ವರ್ಷ ಪತ್ರ ಸಾಲದಾಯಿತು. ತಿಂಗಳು ತಿಂಗಳು ತಪ್ಪದೆ ಕೊಡುತ್ತಿದ್ದವರಲ್ಲಿ ಹಲವರು ನಿಲ್ಲಿಸಿದರು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಜನರನ್ನು ತೆಗೆಯುತ್ತಿದ್ದರು. ಯಶವಂತಪುರದ ಕಡೆ ಗಾರ್ಮೆಂಟ್ಸ್‌ಗಳಲ್ಲಿ ಒಂದೊಂದೇ ಹೊಲಿಗೆ ಲೈನ್ ಮುಚ್ಚುತ್ತಿತ್ತು. ಅಲ್ಲಿಂದ ಹೊರಬಿದ್ದವರು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅದೇ ಹೊತ್ತಿಗೆ ಮನೆಯ ಯಜಮಾನರು ಕರಾರು ಮುಂದುವರಿಸಬೇಕಾದರೆ ಅಡ್ವಾನ್ಸ್ ಜಾಸ್ತಿ ಕೊಡಿ, ಇಲ್ಲವಾದರೆ ಪೇಯಿಂಗ್ ಗೆಸ್ಟ್ ನಡೆಸುವವರು ಕೇಳುತ್ತಿದ್ದಾರೆ ಎಂದರು. ಹಾಗಾಗಿ ಟೀಚರೂ ನಾನೂ ಶನಿವಾರಗಳಂದು ರಸೀದಿ ಪುಸ್ತಕ ಹಿಡಿದು ಸಭೆಯವರ ಮನೆಗಳಿಗೆ ಹೋಗತೊಡಗಿದೆವು.

ಜನರ ಮನೆಯ ಸೋಫಾದ ತುದಿಯಲ್ಲಿ ಕೂತು ಅವರು ಇಲ್ಲ ಎನ್ನುವುದನ್ನು ಕೇಳುವುದು ಒಂದು ಬೇರೆಯೇ ವಿದ್ಯೆ. ಹೆಬ್ಬಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ಆಂಟಿಯೊಬ್ಬರು ನಮ್ಮನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಗೋಡೆಯುದ್ದದ ಮೀನಿನ ತೊಟ್ಟಿಯನ್ನು ಒಬ್ಬಾತ ಪಂಪು ಹಾಕಿ ತೊಳೆಯುತ್ತಿದ್ದ.

"ಈ ವರ್ಷ ನಮಗೂ ತುಂಬಾ ಟೈಟ್ ಕಣಮ್ಮ," ಎಂದರು. "ಅಲ್ಲಿರೋರೆಲ್ಲ ನಮ್ಮವರೇನಾ?"

"ನಮ್ಮವರು ಅಂದ್ರೆ?" ಎಂದು ಕೇಳಿದೆ.

"ಅದೇ, ಬಿಲೀವರ್ಸ್."

"ಮನೆ ಇಲ್ದೋರು ಆಂಟಿ," ಎಂದೆ. ಟೀಚರ್ ನನ್ನ ಕಾಲು ತುಳಿದರು.

ಹೊರಡುವಾಗ ಆಂಟಿ ಒಂದು ದೊಡ್ಡ ಚೀಲ ಕೊಟ್ಟರು, ಒಳ್ಳೊಳ್ಳೆ ಬಟ್ಟೆ ಎಂದು. ಆಶ್ರಯಮನೆಗೆ ಬಂದು ಬಿಚ್ಚಿದರೆ ಮೇಲೆ ಎರಡು ಚೂಡಿದಾರ್, ಕೆಳಗೆಲ್ಲ ಹಳೆಯ ಒಳಉಡುಪುಗಳು. ಒಗೆದಿರಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಅವನ್ನು ಕಸದ ಡಬ್ಬಿಗೆ ಹಾಕಿದೆ. ಆ ದಿನ ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ.

ಎಲ್ಲರೂ ಹಾಗಿರಲಿಲ್ಲ ಎಂಬುದನ್ನೂ ಬರೆಯಬೇಕು. ಯಲಹಂಕದಲ್ಲಿ ಒಬ್ಬ ಹುಡುಗ, ನನ್ನದೇ ವಯಸ್ಸಿನವನು, ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ. ಬಾಗಿಲಲ್ಲೇ ನಿಂತು, ಒಳಗೆ ಹೆಂಡತಿಗೆ ಕೇಳಿಸದಂತೆ ಕ್ಷಮೆ ಕೇಳಿದ. ಆಮೇಲೆ ನಾವು ಮೆಟ್ಟಿಲಿಳಿಯುವಾಗ ಓಡಿ ಬಂದು ಐದು ಕೇಜಿ ರಾಗಿ ಹಿಟ್ಟು ಕೊಟ್ಟ. ಅವನ ಮುಖ ನೋಡಲಾಗದೆ ನಾನು ಹಿಟ್ಟಿನ ಚೀಲದ ಗಂಟನ್ನೇ ನೋಡುತ್ತಿದ್ದೆ.

ಇಷ್ಟು ಹೊತ್ತಿಗೆ ಟೀಚರಿಗೂ ನನಗೂ ಉಳಿದಿದ್ದ ದಾರಿ ಒಂದೇ, ಸುಗ್ಗಿ ಹಬ್ಬದ ಹರಾಜು.

ನಮ್ಮ ಕಡೆಯ ಸಭೆಗಳಲ್ಲಿ ಇದು ಹಳೆಯ ರೂಢಿ. ಸುಗ್ಗಿ ಹಬ್ಬದ ಭಾನುವಾರ ಜನ ತಮ್ಮ ಪ್ರಥಮ ಫಲ ಎಂದು ಏನಾದರೂ ತರುತ್ತಾರೆ. ಹೊಲ ಇದ್ದ ಕಾಲದಲ್ಲಿ ರಾಗಿ ತೆನೆ, ಕುಂಬಳಕಾಯಿ, ಕೋಳಿ. ಈಗ ಸೂಪರ್ ಮಾರ್ಕೆಟ್ಟಿನ ಕುಂಬಳಕಾಯಿ, ಮನೆಯಲ್ಲಿ ಮಾಡಿದ ಕೇಕು, ಕುಂಡದ ಗಿಡ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಎಲ್ಲವನ್ನೂ ಹರಾಜು ಹಾಕುತ್ತಾರೆ. ಗೆದ್ದವರು ಒಮ್ಮೊಮ್ಮೆ ವಸ್ತುವನ್ನು ತೆಗೆದುಕೊಳ್ಳದೆ ಮತ್ತೆ ದೇವರಿಗೇ ಕೊಟ್ಟುಬಿಡುತ್ತಾರೆ. ಅದು ಇನ್ನೊಮ್ಮೆ ಹರಾಜಿಗೆ ಬರುತ್ತದೆ. ದುಡ್ಡು ಕೊಟ್ಟೂ ವಸ್ತು ಬಿಟ್ಟವರಿಗೆ ಜೋರಾದ ಚಪ್ಪಾಳೆ. ಚಿಕ್ಕಂದಿನಲ್ಲಿ ನನಗೆ ಇದು ಅತಿ ದೊಡ್ಡ ಔದಾರ್ಯವೆಂದು ಕಾಣುತ್ತಿತ್ತು.

ಈ ಸಲದ ಹರಾಜಿನ ಹಣವೆಲ್ಲ ಆಶ್ರಯಮನೆಗೆ ಎಂದು ಸಭೆಯ ಕಮಿಟಿ ಒಪ್ಪಿತು. ಆಶ್ರಯಮನೆಯಿಂದಲೂ ಒಂದು ವಸ್ತು ಬರಲಿ ಎಂದಿತು. ಅದನ್ನು ಹೊಲಿಯುತ್ತೇನೆಂದು ಒಪ್ಪಿಕೊಂಡದ್ದು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ, ಅಲ್ಲೇ ಇದ್ದ ಒಬ್ಬ ಹೆಂಗಸು.

ಅಕ್ಕ ನಮ್ಮಲ್ಲಿಗೆ ಬಂದು ಹದಿಮೂರು ತಿಂಗಳಾಗಿತ್ತು. ಯಶವಂತಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷ ಮೆಷಿನ್ ಮೇಲೆ ಕೂತು ಅಂಗಿಯ ಕಾಲರ್ ಹೊಲಿದವರು. ಗಂಡ ತೀರಿಕೊಂಡಿದ್ದರು. ಲೈನ್ ಮುಚ್ಚಿತು, ಬಾಡಿಗೆ ನಿಂತಿತು, ಮನೆಯ ಮಾಲೀಕರು ಸಾಮಾನು ಹೊರಗಿಟ್ಟರು. ನಮ್ಮಲ್ಲಿ ಬಂದ ಎರಡನೆಯ ದಿನವೇ ಅಡುಗೆಮನೆಯನ್ನು ತಾವಾಗಿಯೇ ವಹಿಸಿಕೊಂಡರು. ಮಗಳು ಜಾಲಹಳ್ಳಿಯಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು, ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದಳು. ಅಮ್ಮ ಒಂದು ಲೇಡೀಸ್ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಇದ್ದಾಳೆ ಎಂದು ಅವಳು ತಿಳಿದಿದ್ದಳು. ಪ್ರತಿ ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದಳು. ಆ ಹೊತ್ತಿಗೆ ಅಕ್ಕ ಟೆರೇಸಿಗೆ ಹೋಗುತ್ತಿದ್ದರು.

ದಾನಿಗಳಿಗೆ ಕಳಿಸುವ ಪತ್ರಕ್ಕೆ ಯಾರದಾದರೂ ವಿಷಯ ಬೇಕೆಂದು ನಾನು ಒಮ್ಮೆ ಅವರನ್ನು ಕೇಳಿದ್ದೆ. ಅವರು ಹೊಲಿಗೆ ನಿಲ್ಲಿಸದೆ ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, "ಇದನ್ನ ಬರೀಬೇಡಿ ಮೇಡಂ. ನಿಮಗೆ ಹೇಳ್ದೆ, ಅಷ್ಟೇ," ಎಂದರು.

"ಹೆಸರು ಹಾಕಲ್ಲ ಅಕ್ಕ."

"ಹೆಸರಿನ ಮಾತಲ್ಲ. ನನ್ ಮಗಳಿಗೆ ಗೊತ್ತಾದ್ರೆ ಓದು ಬಿಟ್ಟು ಕೆಲಸಕ್ಕೆ ಸೇರ್ಕೊಂಡ್ಬಿಡ್ತಾಳೆ. ಅವರಪ್ಪ ಸತ್ತಾಗಲೂ ಹಂಗೇ ಮಾಡಿದ್ಲು. ಎಳ್ಕೊಂಡು ಹೋಗಿ ಮತ್ತೆ ಕಾಲೇಜಿಗೆ ಕೂರಿಸ್ದೆ. ಇನ್ನ ಒಂದೇ ಪರೀಕ್ಷೆ. ಅದು ಮುಗೀಲಿ, ನಾನೇ ಹೇಳ್ತೀನಿ."

ಬರೆಯುವುದಿಲ್ಲ ಎಂದೆ. ಬರೆಯಲೂ ಇಲ್ಲ. ನನ್ನ ಬಗ್ಗೆ ಯಾರಾದರೂ ನನಗೆ ಗೊತ್ತಿಲ್ಲದೆ ಮಾತಾಡಿದರೆ ನಾನು ವಾರಗಟ್ಟಲೆ ಅದನ್ನೇ ಮೆಲುಕು ಹಾಕುವವಳು. ಇನ್ನೊಬ್ಬರ ಗುಟ್ಟನ್ನು ಕಾಯುವುದು ನನಗೆ ಕಷ್ಟದ ಕೆಲಸವೇ ಅಲ್ಲ ಎಂದುಕೊಂಡಿದ್ದೆ.

ಅಕ್ಕ ಹೊಲಿದದ್ದು ಚೂರುಬಟ್ಟೆಯ ಹೊದಿಕೆ. ಎಕ್ಸ್‌ಪೋರ್ಟ್ ಅಂಗಿಗಳ ಕಟ್ ಪೀಸ್ ತರಿಸಿ, ತಿಳಿನೀಲಿ, ಬಿಳಿ, ಬೂದು ಗೆರೆಗಳನ್ನು ಓರೆಯಾಗಿ ಸೇರಿಸಿದ್ದರು. ಎಲ್ಲಿಯೂ ಒಂದು ಗೆರೆ ಇನ್ನೊಂದಕ್ಕೆ ತಪ್ಪಿರಲಿಲ್ಲ. ಅಂಚಿಗೆ ಕಾಲರಿಗೆ ಹಾಕುವ ಹಾಗೆ ಎರಡು ಸಾಲು ಹೊಲಿಗೆ. ಎರಡೂವರೆ ತಿಂಗಳು ಹಿಡಿಯಿತು. ಒಗೆದು, ಇಸ್ತ್ರಿ ಮಾಡಿ, ಹಳೆಯ ದುಪಟ್ಟಾದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಯಾರ ಮನೆಗೆ ಹೋಗುತ್ತೋ ನೋಡ್ಕೊಂಡು ಬಂದು ಹೇಳಿ," ಎಂದರು.

ಹಬ್ಬದ ದಿನ ಅಂಗಳದಲ್ಲಿ ಶಾಮಿಯಾನ. ಹರಾಜು ನಡೆಸುವವರು ಕಮಿಟಿಯ ಒಬ್ಬ ಅಂಕಲ್. ಚಿಕ್ಕಜಾಲದ ಆಚೆ ಸೈಟು ಮಾರುತ್ತಿದ್ದವರು, ಹಾಗಾಗಿ ಈ ಕೆಲಸ ಪ್ರತಿ ವರ್ಷ ಅವರಿಗೇ. ಅಕ್ಕ ಮತ್ತು ಇಬ್ಬರು ಹೆಂಗಸರು ಹಿಂದಿನ ಅಡುಗೆಕೋಣೆಯಲ್ಲಿ ಊಟದ ತಯಾರಿಗೆ ಇದ್ದರು. ಆಶ್ರಯಮನೆಯ ಮೇಜಿನ ಮೇಲೆ ನಾನು ದೊಡ್ಡ ಅಕ್ಷರದಲ್ಲಿ ಬರೆದ ಕಾಗದ ಅಂಟಿಸಿದ್ದೆ: ದಯವಿಟ್ಟು ಫೋಟೋ ತೆಗೆಯಬೇಡಿ. ಇಬ್ಬರು ಫೋನ್ ಎತ್ತಿದಾಗ ಹೋಗಿ ಕೆಳಗಿಳಿಸಿದೆ.

"ಏನ್ರೀ, ಎಲ್ಲರೂ ಕೈ ಕಟ್ಕೊಂಡು ಕೂತಿದೀರ? ಕುಂಬಳಕಾಯಿ ಇನ್ನೂರು ರೂಪಾಯಿ ಅಂತೆ. ನನ್ ತಲೆ ಇಟ್ರೂ ಇದಕ್ಕಿಂತ ಜಾಸ್ತಿ ಬರುತ್ತೆ," ಎಂದರು ಅಂಕಲ್ ಮೈಕಿನಲ್ಲಿ.

"ಖಾಲಿ ತಲೆಗೆ ಯಾರ್ ಕೊಡ್ತಾರೆ ಬ್ರದರ್?" ಎಂದು ಹಿಂದಿನಿಂದ ಯಾರೋ. ನಗು.

"ಈ ಕೋಳಿ ನೋಡ್ರಿ. ನಮ್ಮ ಕಮಿಟಿಗಿಂತ ಚುರುಕಾಗಿದೆ. ನಾನೂರು ಒಂದು ಸಲ..."

ಹೋದ ವರ್ಷ ಐದು ಸಾವಿರಕ್ಕೆ ಹೋದ ಕೇಕು ಈ ವರ್ಷ ಆರುನೂರಕ್ಕೆ ನಿಂತಿತು. ಕಷ್ಟ ನಿಜವಾಗಿಯೂ ಇದ್ದವರು ತಲೆ ತಗ್ಗಿಸಿ ಕೂತಿದ್ದರು. ಇಲ್ಲದವರೂ ಆ ವರ್ಷ ಹಾಗೇ ಕೂರಲು ಕಲಿತಿದ್ದರು. ಮೀನಿನ ತೊಟ್ಟಿಯ ಆಂಟಿ ಮೂರನೆಯ ಸಾಲಿನಲ್ಲಿದ್ದರು.

ಅಕ್ಕನ ಹೊದಿಕೆಯನ್ನು ಬಿಡಿಸಿ ಹಿಡಿದರು. ಮುನ್ನೂರು, ಎಂದರು ಒಬ್ಬರು. ಮುನ್ನೂರೈವತ್ತು. ಮೂರನೆಯ ಸಾಲಿನಿಂದ ಆಂಟಿ ಎದ್ದು ಬಂದು ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ಬಿಟ್ಟು, ಪರ್ಸಿನಿಂದ ಸ್ಯಾನಿಟೈಸರ್ ತೆಗೆದು ಕೈಗೆ ಹಚ್ಚಿಕೊಂಡರು. "ನಾನೂರು," ಎಂದರು, ದಯೆ ತೋರಿಸುವ ದನಿಯಲ್ಲಿ.

ಅಂಕಲ್ ನನ್ನ ಕಡೆ ತಿರುಗಿದರು. "ಬಾಮ್ಮ ಇಲ್ಲಿ. ಓದಿರೋಳು ನೀನು. ಇದರ ಬಗ್ಗೆ ಎರಡು ಮಾತು ಹೇಳು. ಸುಮ್ನೆ ಬಟ್ಟೆ ಅಂತ ಅಂದ್ಕೊಂಡಿದಾರೆ ಇವರು."

ಮೈಕ್ ಕೈಗೆ ಬಂತು. ನಾನು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಕರುಣೆಯಿಂದ ಮಾತಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಿಸ್ಕತ್ತು, ಒಗೆಯದ ಬಟ್ಟೆ, ಆ ಸ್ಯಾನಿಟೈಸರ್, ಎಲ್ಲ ಕಣ್ಣ ಮುಂದಿತ್ತು. ಇವರಿಗೆ ನಾಚಿಕೆಯಾಗಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಅದಕ್ಕೆ ನನ್ನ ಹತ್ತಿರ ಇದ್ದ ಅತ್ಯಂತ ಚೂಪಾದದ್ದನ್ನು ತೆಗೆದೆ.

ಹದಿನಾರು ವರ್ಷ ಕಾಲರ್ ಹೊಲಿದ ಕೈ ಎಂದೆ. ನೀವು ಹಾಕಿಕೊಂಡಿರುವ ಅಂಗಿಯೂ ಆ ಕೈಯದೇ ಇರಬಹುದು ಎಂದೆ. ಯಶವಂತಪುರದಲ್ಲಿ ಲೈನ್ ಮುಚ್ಚಿದ್ದು, ಸಾಮಾನು ರಸ್ತೆಗೆ ಬಂದದ್ದು, ಜಾಲಹಳ್ಳಿಯಲ್ಲಿ ನರ್ಸಿಂಗ್ ಓದುವ ಮಗಳು, ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಎಂಬ ಸುಳ್ಳು, ಭಾನುವಾರ ಆರು ಗಂಟೆಯ ಫೋನು, ಟೆರೇಸು. ಒಂದೂ ಬಿಡಲಿಲ್ಲ. ಹೆಸರು ಮಾತ್ರ ಹೇಳಲಿಲ್ಲ. ಎಲ್ಲವನ್ನೂ ಸರಿಯಾದ ಕ್ರಮದಲ್ಲಿ, ಸರಿಯಾದ ಕಡೆ ನಿಲ್ಲಿಸಿ ಹೇಳಿದೆ. ಅಂಗಳ ಮೌನವಾದಾಗ ನನಗೆ ಹಿತವಾಯಿತು. ಆ ಹಿತ ನನಗೆ ಈಗಲೂ ನೆನಪಿದೆ, ಬಾಯಲ್ಲಿ ಉಳಿದ ಕೆಟ್ಟ ರುಚಿಯ ಹಾಗೆ.

ಅವರಿಗೆ ನಾಚಿಕೆಯಾಗಲಿಲ್ಲ. ಅವರು ಕರಗಿಹೋದರು. ಅದು ಇನ್ನೂ ಅಸಹ್ಯವಾಗಿತ್ತು. ಆಂಟಿ ಕಣ್ಣೊರೆಸಿಕೊಳ್ಳುತ್ತ ಐದು ಸಾವಿರ ಎಂದರು. ಏಳು ಸಾವಿರ, ಎಂದರು ಇನ್ನೊಬ್ಬರು. ಒಂಬತ್ತೂವರೆ ಸಾವಿರಕ್ಕೆ ಆಂಟಿಗೇ ಆಯಿತು. ಅವರು ಎದ್ದು ನಿಂತು, "ದೇವರಿಗೇ ವಾಪಸ್ ಕೊಡ್ತೀನಿ," ಎಂದರು. ಚಪ್ಪಾಳೆ. ಮತ್ತೆ ಹರಾಜು, ಹನ್ನೊಂದು ಸಾವಿರ. ಗೆದ್ದವರು ವಾಪಸ್ ಕೊಟ್ಟರು. ಚಪ್ಪಾಳೆ. ಮೂರನೆಯ ಸಲವೂ ಅಷ್ಟೇ. ನಾಲ್ಕನೆಯ ಸಲ ಗೆದ್ದ ಹಿರಿಯರೊಬ್ಬರು ಹೊದಿಕೆಯ ಕಡೆ ನೋಡಿ, "ಇದನ್ನ ಮನೆಗೆ ತಗೊಂಡ್ಹೋಗಿ ಎಲ್ಲಿಡೋದು? ಅಲ್ಲೇ ಬಡವರು ಯಾರಾದ್ರೂ ಹೊದ್ಕೊಳ್ಲಿ ಬಿಡಿ," ಎಂದರು. ಎಲ್ಲರೂ ನಕ್ಕರು. ಎಲ್ಲರ ಮನಸ್ಸಿನಲ್ಲಿದ್ದದ್ದು ಅದೇ ಎಂದು ಆಗ ತಿಳಿಯಿತು. ಕಥೆಗೆ ದುಡ್ಡು ಬಿದ್ದಿತ್ತು. ಬಟ್ಟೆ ಯಾರಿಗೂ ಬೇಕಿರಲಿಲ್ಲ.

ಅಂಕಲ್ ಫೋನ್ ನೋಡಿ ಮೈಕಿಗೆ ಬಂದರು. "ಇನ್ನೊಂದು ಸಂತೋಷದ ವಿಷಯ. ಲೈವ್‌ನಲ್ಲಿ ನೋಡ್ತಿರೋ ನಮ್ಮ ಮಸ್ಕತ್ತಿನ ಬ್ರದರ್ ಒಬ್ಬರು ಈಗಷ್ಟೇ ಐದು ಸಾವಿರ ಕಳಿಸಿದಾರೆ."

ನಾನು ತಲೆ ಎತ್ತಿದೆ. ದೇವಾಲಯದ ಮೆಟ್ಟಿಲ ಮೇಲೆ ಮೂರು ಕಾಲಿನ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಇತ್ತು. ಕೋವಿಡ್ ಕಾಲದಲ್ಲಿ ಮನೆಯಿಂದ ಹೊರಡಲಾಗದ ವಯಸ್ಸಾದವರಿಗಾಗಿ ಶುರುವಾದ ನೇರ ಪ್ರಸಾರ. ಆಮೇಲೆ ಯಾರೂ ನಿಲ್ಲಿಸಿರಲಿಲ್ಲ. ಪ್ರತಿ ಭಾನುವಾರ ಅಲ್ಲೇ ಇರುತ್ತಿತ್ತು. ಕಂಬವನ್ನು, ಗಂಟೆಯ ಹಗ್ಗವನ್ನು ನೋಡುವ ಹಾಗೆ ನಾನು ಅದನ್ನು ನೋಡುತ್ತಿದ್ದೆ, ಅಂದರೆ ನೋಡುತ್ತಲೇ ಇರಲಿಲ್ಲ. ಜನರ ಕೈಯ ಫೋನುಗಳನ್ನು ಕೆಳಗಿಳಿಸಿ, ಇದರ ಎದುರಿಗೆ ಹೋಗಿ ನಿಂತು ಮಾತಾಡಿದ್ದೆ.

"ಅಂಕಲ್, ಆ ವಿಡಿಯೋನ ತೆಗೆಸಿ. ಈಗಲೇ," ಎಂದೆ.

"ತೆಗೆಯೋದಾ? ಇಷ್ಟು ಜನ ನೋಡಿರೋದು ಇದೇ ಮೊದಲು ಕಣಮ್ಮ. ನಿನ್ನ ಬಾಯಲ್ಲಿ ದೇವರೇ ಮಾತಾಡಿದಾರೆ ಇವತ್ತು."

"ಆ ಮಗಳು ನೋಡಿದ್ರೆ?"

"ನರ್ಸಿಂಗ್ ಓದೋ ಹುಡುಗೀರು ಚರ್ಚ್ ವಿಡಿಯೋ ನೋಡ್ತಾರಾ? ಯಾಕ್ ಸುಮ್ನೆ ಟೆನ್ಶನ್? ಊಟ ಮಾಡು ಹೋಗು."

ಟೀಚರ್ ಬಂದು ಜೋರು ಮಾಡಿದ ಮೇಲೆ, ಎಲ್ಲರ ಊಟ ಮುಗಿದ ಮೇಲೆ, ಅದನ್ನು ತೆಗೆಸಿದರು. ಅಷ್ಟರಲ್ಲಿ ನನ್ನ ಮಾತಿನ ಭಾಗವನ್ನಷ್ಟೇ ಕತ್ತರಿಸಿ, ಕೆಳಗೆ ಪಿಯಾನೋ ಸಂಗೀತ ಸೇರಿಸಿ, ಯಾರೋ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದರು. ನನ್ನ ಅಮ್ಮನಿಗೇ ಮೂರು ಕಡೆಯಿಂದ ಬಂತು.

ಅಂಕಲ್ ಹತ್ತಿರ ಮಾತಾಡಿದ ಕೂಡಲೇ, ಊಟಕ್ಕೆ ಮುಂಚೆ, ನಾನು ಅಡುಗೆಕೋಣೆಗೆ ಹೋಗಿದ್ದೆ. ಅಲ್ಲಿಗೂ ಒಂದು ಸ್ಪೀಕರ್ ಇದೆ ಎಂಬುದು ನನಗೆ ಗೊತ್ತಿತ್ತು. ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದರು. ಒಂದೇ ದಪ್ಪದ ಬಿಲ್ಲೆಗಳು, ಒಂದರ ಮೇಲೊಂದು. ಉಳಿದ ಇಬ್ಬರು ಹೆಂಗಸರು ನನ್ನನ್ನು ಕಂಡು ಪಾತ್ರೆ ಎತ್ತಿಕೊಂಡು ಹೊರಗೆ ಹೋದರು.

"ಅಕ್ಕ," ಎಂದೆ.

"ಚೆನ್ನಾಗಿ ಮಾತಾಡ್ತೀರ ಮೇಡಂ ನೀವು," ಎಂದರು, ತಲೆ ಎತ್ತದೆ. "ನನಗೇ ಅಳು ಬರೋ ಹಂಗಿತ್ತು. ಯಾರೋ ಏನೋ ಪಾಪ ಅನ್ನಿಸ್ತು."

"ತಪ್ಪಾಯ್ತು."

"ಯಾರ ಮನೆಗೆ ಹೋಯ್ತು?"

ಅಷ್ಟು ಹೊತ್ತಿಗೆ ಯಾರೋ ಹೊದಿಕೆಯನ್ನು ತಂದು ಬಾಗಿಲ ಬಳಿ ಅಕ್ಕಿ ಮೂಟೆಯ ಮೇಲೆ ಹಾಕಿ ಹೋಗಿದ್ದರು. ಅಕ್ಕ ಅದನ್ನು ನೋಡಿದರು. ನೋಡಿ, ಇನ್ನೊಂದು ಸೌತೆಕಾಯಿ ತೆಗೆದುಕೊಂಡರು.

ಸಂಜೆ ಆರಕ್ಕೆ ನಾನು ಆಶ್ರಯಮನೆಯಲ್ಲೇ ಇದ್ದೆ. ಹೊರಡಲು ಧೈರ್ಯವಾಗಲಿಲ್ಲ. ಹಾಲ್‌ನಲ್ಲಿ ಟೀಚರ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, ಅಡ್ವಾನ್ಸಿಗೆ ಸಾಕಾಗುತ್ತದೆ, ದೇವರು ದೊಡ್ಡವನು ಎಂದು. ಅವರ ದನಿಯಲ್ಲಿ ಸಂತೋಷವನ್ನು ಮುಚ್ಚಿಡುವ ಪ್ರಯತ್ನವಿತ್ತು. ಅದಕ್ಕಾಗಿ ಅವರ ಮೇಲೂ ಸಿಟ್ಟು ಬಂತು. ಅಕ್ಕ ಟೆರೇಸಿಗೆ ಹೋದರು. ಆರೂಕಾಲಾಯಿತು, ಆರೂವರೆಯಾಯಿತು. ಫೋನು ಬರಲಿಲ್ಲ. ಅಕ್ಕ ತಾವೇ ಎರಡು ಸಲ ಮಾಡಿದರಂತೆ, ಎತ್ತಲಿಲ್ಲ. ಕೆಳಗಿಳಿದು ಬಂದು ಒಲೆ ಹಚ್ಚಿದರು. ರಾಗಿ ಮುದ್ದೆ ತಿರುವುತ್ತ, ನನ್ನ ಕಡೆ ಬೆನ್ನು ಮಾಡಿಯೇ ಹೇಳಿದರು:

"ಬೆಳಿಗ್ಗೆ ಏಳಕ್ಕೆ ಬನ್ನಿ. ಜಾಲಹಳ್ಳಿಗೆ ಹೋಗ್ಬೇಕು. ಹೇಳಿದ್ದು ನೀವು. ಅವಳ ಎದುರಿಗೂ ನೀವೇ ಹೇಳಿ. ನನಗೆ ಆಗಲ್ಲ."

ಬೆಳಿಗ್ಗೆ ಆರೂ ಮುಕ್ಕಾಲಿಗೇ ಗೇಟಿನ ಹತ್ತಿರ ನಿಂತಿದ್ದೆ. ಅಕ್ಕ ಒಗೆದ ಸೀರೆ ಉಟ್ಟು, ಹಣೆಗೆ ಸಣ್ಣ ಬೊಟ್ಟು ಇಟ್ಟು ಬಂದರು. ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟ್ಟಿಗೆ ಕಂಡಕ್ಟರ್ ಆಧಾರ್ ಕೇಳಿದ. ಅಕ್ಕನ ಕಾರ್ಡಿನಲ್ಲಿ ಹಳೆಯ ಮನೆಯ ವಿಳಾಸವಿತ್ತು. ಯಶವಂತಪುರದಲ್ಲಿ ಬಸ್ ಬದಲಾಯಿಸಿದೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ ಸಲ, ಕಿಟಕಿ ಮುಚ್ಚಿ, ಧೂಳು ಎಂದು.

ಮಗಳು ಕಾಲೇಜಿನ ಗೇಟಿನ ಹೊರಗೆ, ಇಡ್ಲಿ ಗಾಡಿಯ ಪಕ್ಕ ನಿಂತಿದ್ದಳು. ಬಿಳಿ ಯೂನಿಫಾರ್ಮು, ಹೆಗಲಿಗೆ ಬ್ಯಾಗು. ಅಮ್ಮ ಬರುತ್ತಾಳೆಂದು ಗೊತ್ತಿದ್ದವಳ ಹಾಗೆ ನಿಂತಿದ್ದಳು. ಅವಳ ಮುಖದಲ್ಲಿ ನಿದ್ದೆ ಇರಲಿಲ್ಲ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮೂರು ವಾಕ್ಯಗಳಲ್ಲಿ ಮೊದಲನೆಯದನ್ನು ಹೇಳಿದೆ: "ನಿನ್ನೆ ಮಾತಾಡಿದ್ದು ನಾನು. ನಿಮ್ಮ ಅಮ್ಮ ಹೇಳಬೇಡಿ ಅಂದಿದ್ರು."

"ಗೊತ್ತು. ನೋಡ್ದೆ. ನನ್ ರೂಮ್‌ಮೇಟ್‌ಗೆ ಅವಳ ದೊಡ್ಡಮ್ಮ ಕಳಿಸಿದ್ರು, ಪಾಪ ನೋಡು ಅಂತ," ಎಂದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಎಷ್ಟಕ್ಕೆ ಹೋಯ್ತು?"

"ನಾಲ್ಕು ಸಲ ಸೇರಿ ಮೂವತ್ತೆಂಟು ಸಾವಿರ," ಎಂದೆ.

ಅವಳು ತಲೆಯಾಡಿಸಿದಳು, ಥರ್ಮಾಮೀಟರ್ ಓದಿದವಳ ಹಾಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ಇಲ್ಲೊಂದು ಕ್ಲಿನಿಕ್ಕಲ್ಲಿ ಕೇಳಿದೀನಿ. ನಾಳೆಯಿಂದ ಬಾ ಅಂದ್ರು. ಒಂದು ರೂಮ್ ಮಾಡೋಣ," ಎಂದಳು.

"ಪರೀಕ್ಷೆ?" ಎಂದರು ಅಕ್ಕ.

"ಮುಂದಿನ ವರ್ಷ ಬರೀತೀನಿ."

ಅಕ್ಕ ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಹೇಳಿ ಮೇಡಂ. ಚೆನ್ನಾಗಿ ಹೇಳ್ತೀರಲ್ಲ. ಓದು ಬಿಡಬೇಡ ಅಂತ ಹೇಳಿ ಇವಳಿಗೆ."

ನಾನು ಬಾಯಿ ತೆರೆದೆ. "ನೀವು ಸುಮ್ನಿರಿ," ಎಂದಳು ಮಗಳು. ಸಿಟ್ಟಿನ ದನಿಯಲ್ಲ, ವಾರ್ಡಿನಲ್ಲಿ ರೋಗಿಯ ಕಡೆಯವರಿಗೆ ಹೇಳುವ ದನಿ. "ನೀವು ಹೇಳಿದ್ದು ಸಾಕು. ಇದು ನಾವಿಬ್ಬರೂ ಮಾತಾಡ್ಕೊಳ್ಳೋದು."

ನನ್ನ ಇನ್ನೆರಡು ವಾಕ್ಯಗಳು ಹಾಗೇ ಉಳಿದವು. ಒಂದು ಹೆಜ್ಜೆ ಹಿಂದೆ ಸರಿದೆ, ಆಮೇಲೆ ರಸ್ತೆ ದಾಟಿ ಬಸ್ ಸ್ಟಾಪಿನ ಕಡೆ ನಡೆದೆ. ಅಲ್ಲಿಂದ ಅವರ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸದಿರಲಿ ಎಂದೇ ಇನ್ನೂ ಸ್ವಲ್ಪ ದೂರ ಹೋಗಿ ನಿಂತೆ. ಅಕ್ಕ ಕೈ ಆಡಿಸಿ ಏನೋ ಹೇಳುತ್ತಿದ್ದರು, ಮಗಳು ತಲೆ ಅಲ್ಲಾಡಿಸುತ್ತಿದ್ದಳು. ಒಮ್ಮೆ ಅಕ್ಕ ಅವಳ ಹೆಗಲಿನ ಬ್ಯಾಗನ್ನು ಹಿಡಿದು ಎಳೆದರು. ಇಡ್ಲಿ ಗಾಡಿಯವನು ಎರಡು ತಟ್ಟೆ ಕೊಟ್ಟ. ಇಬ್ಬರೂ ತಟ್ಟೆ ಹಿಡಿದುಕೊಂಡೇ ಜಗಳ ಮುಂದುವರಿಸಿದರು. ನನ್ನ ಬಸ್ಸು ಬಂತು, ಹತ್ತಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಒಂಬತ್ತಕ್ಕೆ ಇನ್ನು ಕೆಲವೇ ನಿಮಿಷಗಳಿರುವಾಗ ಬಿಳಿ ಯೂನಿಫಾರ್ಮಿನ ಹುಡುಗಿಯರು ಗುಂಪು ಗುಂಪಾಗಿ ಗೇಟಿನೊಳಗೆ ಹೋಗತೊಡಗಿದರು. ಅವಳು ತಟ್ಟೆ ಇಟ್ಟು, ಕೈ ತೊಳೆದುಕೊಂಡು, ಅಮ್ಮನ ಕಡೆ ನೋಡದೆ, ಅವರ ಹಿಂದೆ ಒಳಗೆ ಹೋದಳು.

ಕ್ಲಾಸಿಗೆ ಹೋದಳೋ, ಓದು ಬಿಡುತ್ತೇನೆಂದು ಬರೆದುಕೊಡಲು ಹೋದಳೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅಕ್ಕ ಗೇಟಿನ ಎದುರು ಕಲ್ಲಿನ ಮೇಲೆ ಕೂತರು, ಅವಳು ಹೊರಗೆ ಬರುತ್ತಾಳೋ ಎಂದು ಕಾಯುವವರ ಹಾಗೆ. ಹತ್ತಾಯಿತು. ಅವಳು ಹೊರಗೆ ಬರಲಿಲ್ಲ. ಅಕ್ಕ ಎದ್ದು ಸೆರಗು ಕೊಡವಿ, ನನ್ನ ಕಡೆ ನೋಡದೆ, ಎದುರಿನ ಸ್ಟಾಪಿನ ಕಡೆ ನಡೆದರು. ಅವರು ಹತ್ತಿದ ಬಸ್ಸಿಗೆ ನಾನು ಹತ್ತಲಿಲ್ಲ. ಅದರ ನಂತರದ್ದಕ್ಕೆ ಹತ್ತಿದೆ.